ಹಳೆಯ ಅರಿವೆಯೂ ಎಸೆಯುವ ವಸ್ತ್ರವೂ

ಕನ್ನಡ ನಾಡಿನ ಗೃಹಸ್ಥರ ಮನೆಗಳಲ್ಲಿ ಬಟ್ಟೆಗೆ ಒಂದೇ ಆಯುಷ್ಯವಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಹಳತಾದ ಹತ್ತಿಯ ಸೀರೆ ಕೌದಿಯಾಗುತ್ತಿತ್ತು. ಕೌದಿಗೂ ಬಾರದ ತುಂಡು ಧೂಳು ಒರೆಸುವ ಅರಿವೆಯಾಗಿ, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಸವೆಯುತ್ತಿತ್ತು. ಇಂದು ಒಮ್ಮೆ ಒರೆಸಿ ಎಸೆಯುವ ವಸ್ತ್ರಗಳು ಅಂಗಡಿಗಳಲ್ಲಿ ದೊರೆಯುತ್ತಿವೆ. ಈ ಎಸೆಯುವ ರೂಢಿ ಬಂದ ಬಗೆಯನ್ನು ತಿಳಿಯುವುದು ಶ್ರಾವಕರಿಗೆ ಉಪಯುಕ್ತ.

ಚಿಂದಿಯು ಒಂದು ಕಾಲದಲ್ಲಿ ಬೆಲೆಯುಳ್ಳ ಸರಕಾಗಿತ್ತು. 19ನೆಯ ಶತಮಾನದ ಮಧ್ಯಭಾಗದವರೆಗೆ ಯುರೋಪಿನ ಕಾಗದವು ಮುಖ್ಯವಾಗಿ ಅಗಸೆನಾರು ಮತ್ತು ಹತ್ತಿಯ ಹಳೆಯ ಬಟ್ಟೆಗಳಿಂದಲೇ ತಯಾರಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1678ರ ಶಾಸನವೊಂದು ಶವಗಳಿಗೆ ಉಣ್ಣೆಯ ಬಟ್ಟೆಯನ್ನೇ ಹೊದಿಸಬೇಕೆಂದು ವಿಧಿಸಿತು. ಉಣ್ಣೆಯ ಉದ್ಯಮದೊಡನೆ ಕಾಗದದ ಉದ್ಯಮಕ್ಕೂ ಪ್ರೋತ್ಸಾಹ ನೀಡುವುದು ಅದರ ಉದ್ದೇಶವಾಗಿತ್ತು.

1844ರ ಸುಮಾರಿಗೆ ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಕೆಲ್ಲರ್ ಎಂಬವನು ಮರವನ್ನು ಅರೆದು ಕಾಗದದ ತಿರುಳು ಮಾಡುವ ಕ್ರಮವನ್ನು ಕಂಡುಹಿಡಿದನು. ಮುಂದೆ ಕಾಗದ ಅಗ್ಗವಾಯಿತು. ಚಿಂದಿಯ ಮಹತ್ವ ಕುಗ್ಗಿತು. 1907ರಲ್ಲಿ ಅಮೆರಿಕದ ಸ್ಕಾಟ್ ಪೇಪರ್ ಕಂಪನಿಯು ಸಾರ್ವಜನಿಕ ಸ್ಥಳಗಳಿಗಾಗಿ ಕೈ ಒರೆಸುವ ಕಾಗದವನ್ನೂ, 1931ರಲ್ಲಿ ಅಡುಗೆಮನೆಗಾಗಿ ಅದರ ಸುರುಳಿಯನ್ನೂ ಮಾರಾಟಕ್ಕೆ ತಂದಿತು. 1999ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ‘ಸ್ವಿಫರ್’ ಬಂದಿತು. ಧೂಳನ್ನು ಸೆಳೆಯುವ ಅದರ ಹಾಳೆ ಕೃತಕ ನೂಲಿನದು. ಅರಿವೆಯಿಂದ ಕಾಗದವಾಗುತ್ತಿದ್ದ ಕಾಲ ಹೋಗಿ, ಅರಿವೆಯ ಸ್ಥಾನವನ್ನೇ ಕಾಗದವೂ ಕೃತಕ ನೂಲೂ ಆಕ್ರಮಿಸಿದವು.

ಹಲವರು ಒಂದೇ ಟವಲಿಗೆ ಕೈ ಒರೆಸುವೆಡೆ ರೋಗ ಹರಡುವ ಭಯವಿದೆ. ಆಸ್ಪತ್ರೆಯಲ್ಲಿ ಎಸೆಯುವ ವಸ್ತ್ರಕ್ಕೆ ಸಕಾರಣವಿದೆ. ಮೇಜು ಕಿಟಕಿಗಳ ಧೂಳಿಗೆ ಆ ಕಾರಣ ಅನ್ವಯಿಸದು. ಪ್ರಯೋಜನವಿಲ್ಲದೆ ನೀರನ್ನು ಚೆಲ್ಲುವುದು, ಸಸ್ಯಗಳನ್ನು ಕಡಿಯುವುದು ಮುಂತಾದವನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ‘ಪ್ರಮಾದಚರ್ಯೆ’ ಎಂಬ ಅನರ್ಥದಂಡವೆಂದು ಎಣಿಸಿದ್ದಾರೆ. ಕ್ಷಣಮಾತ್ರದ ಒರೆಸುವಿಕೆಗಾಗಿ ಮರವನ್ನು ಕಡಿಸುವುದು ಇದಕ್ಕಿಂತ ಬಹಳ ದೂರವಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ಎತ್ತಿ ಇಡುವ ಎಚ್ಚರ ಒಂದು. ಮಲಾದಿಗಳನ್ನು ನಿರ್ಜಂತುಕ ಸ್ಥಳದಲ್ಲಿ ವಿಸರ್ಜಿಸುವ ಎಚ್ಚರ ಇನ್ನೊಂದು. ತ್ಯಜಿಸುವುದೂ ಧರ್ಮದ ವಿಷಯವೇ ಎಂಬ ಪಾಠ ಗೃಹಸ್ಥನಿಗೂ ಸಲ್ಲುತ್ತದೆ.

ಆದರೆ ಹಳೆಯ ಅರಿವೆಯೆಂದ ಮಾತ್ರಕ್ಕೆ ಅದು ನಿರ್ದೋಷವಲ್ಲ. ಒದ್ದೆ ಅರಿವೆಯನ್ನು ಮೂಲೆಯಲ್ಲಿ ಮುದ್ದೆಯಾಗಿ ಬಿಟ್ಟರೆ ಅಲ್ಲಿಯೇ ಜೀವೋತ್ಪತ್ತಿಯಾಗುತ್ತದೆ. ಪ್ರತಿದಿನ ಬಕೆಟ್ಟುಗಟ್ಟಲೆ ನೀರು, ಸಾಬೂನು ಸುರಿದು ತೊಳೆದರೆ ಉಳಿಸಿದ ಹಿಂಸೆ ಮತ್ತೊಂದು ದಾರಿಯಿಂದ ಒಳಬರುತ್ತದೆ. ಪಾಲಿಯೆಸ್ಟರ್ ಸೀರೆಯ ತುಂಡು ನೀರನ್ನು ಚೆನ್ನಾಗಿ ಹೀರದು. ತೊಳೆದಾಗ ಅದರ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಆದುದರಿಂದ ಹಳೆಯ ಹತ್ತಿಯ ಬಟ್ಟೆಯನ್ನೇ ಆರಿಸಬೇಕು. ಒರೆಸುವ ಮೊದಲು ಇರುವೆ, ಜೇಡಗಳಿವೆಯೇ ಎಂದು ನೋಡಬೇಕು. ಗಾಳಿಸಿದ ನೀರಿನಲ್ಲಿ ಮಿತವಾಗಿ ತೊಳೆದು ಅಂದೇ ಒಣಗಿಸಬೇಕು.

ಬಸದಿಗಳ ಆಡಳಿತ ಮಂಡಳಿಗಳು ನೆಲಕ್ಕೆ, ಕಿಟಕಿಗಳಿಗೆ ಬೇರೆ ಬೇರೆ ಅರಿವೆಗಳನ್ನಿಟ್ಟು, ಹೊಸ ಒರೆಸುವ ವಸ್ತ್ರಗಳನ್ನು ಖರೀದಿಸುವ ಮೊದಲು ಭಕ್ತರ ಮನೆಗಳಿಂದ ಹಳೆಯ ಪಂಚೆಗಳನ್ನು ಕೇಳಿ ಪಡೆಯಬಹುದು. ವೆಚ್ಚ ಉಳಿಯುವುದು ಅಲ್ಪ ಲಾಭ. ಬಳಸಿದ ವಸ್ತುವನ್ನು ಕೊನೆಯವರೆಗೂ ಗೌರವಿಸುವ ಅಭ್ಯಾಸವೇ ದೊಡ್ಡ ಲಾಭ. ಅಪರಿಗ್ರಹವು ಕಡಿಮೆ ಕೊಳ್ಳುವುದರಿಂದ ಆರಂಭವಾಗುತ್ತದೆ.