ಅಗ್ಗದ ನಾಡು, ತುಟ್ಟಿಯ ನಾಣ್ಯ

ಕಾಣಿಯೂರು, ಪಂಜ, ಬೆಳ್ಳಾರೆ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಿ ಒಂದು ಲೆಕ್ಕ ಸದಾ ನಡೆಯುತ್ತಿರುತ್ತದೆ. ಅಲ್ಲಿನ ಸಂಬಳ ಇಲ್ಲಿನ ರೂಪಾಯಿಯಲ್ಲಿ ಎಷ್ಟಾಯಿತು? ಮೊತ್ತ ಕೇಳಿದ ನೆಂಟರ ಕಣ್ಣು ಅಗಲವಾಗುತ್ತದೆ. ಆದರೆ ಅಲ್ಲಿನ ಕೋಣೆ ಬಾಡಿಗೆಯನ್ನೂ ಊಟದ ಖರ್ಚನ್ನೂ ಅದೇ ರೀತಿ ರೂಪಾಯಿಗೆ ತಿರುಗಿಸಿ ನೋಡಿದರೆ ಸಂಬಳದ ಗಾತ್ರ ಕುಗ್ಗುತ್ತಾ ಬರುತ್ತದೆ. ಒಂದು ದೇಶದ ಬದುಕಿನ ವೆಚ್ಚವನ್ನು ಇನ್ನೊಂದು ದೇಶದ ನಾಣ್ಯದಲ್ಲಿ ಅಳೆಯುವುದು ಹೇಗೆ ಎಂಬ ಈ ಪ್ರಶ್ನೆ ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆ ಅದನ್ನು ಬ್ರಿಟಿಷ್ ಪಾರ್ಲಿಮೆಂಟೇ ಕೇಳಿತ್ತು. ಉತ್ತರ ಕೊಟ್ಟವನು ನಮ್ಮ ಜಿಲ್ಲೆಯನ್ನು ಬಲ್ಲವನಾಗಿದ್ದ.

ಆತ ಥಾಮಸ್ ಮನ್ರೋ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೆನರಾ ಕಂಪನಿಯ ಕೈಸೇರಿದಾಗ ಇಲ್ಲಿಗೆ ಬಂದ ಮೊದಲ ಕಲೆಕ್ಟರ್. 1813ರಲ್ಲಿ ಕಂಪನಿಯ ಸನ್ನದು ನವೀಕರಣದ ಸಮಯದಲ್ಲಿ ಅವನನ್ನು ಕಾಮನ್ಸ್ ಸಭೆಯ ಮುಂದೆ ಕರೆದು ಪ್ರಶ್ನಿಸಿದರು. ಭಾರತದ ಬೇಸಾಯದ ಕೂಲಿಯವನಿಗೆ ತಿಂಗಳಿಗೆ ನಾಲ್ಕರಿಂದ ಆರು ಶಿಲ್ಲಿಂಗು ಸಿಗುತ್ತದೆ, ಒಬ್ಬ ವ್ಯಕ್ತಿಯ ಜೀವನಕ್ಕೆ ವರ್ಷಕ್ಕೆ ಹದಿನೆಂಟರಿಂದ ಇಪ್ಪತ್ತೇಳು ಶಿಲ್ಲಿಂಗು ಸಾಕು ಎಂದು ಅವನು ಹೇಳಿದ. ಇದು ಕೆನರಾಕ್ಕೆ ಮಾತ್ರ ಸೇರಿದ ಲೆಕ್ಕವಲ್ಲ, ಅವನು ಕಂಡ ಪ್ರಾಂತಗಳ ಸರಾಸರಿ.

ಈ ಅಂಕಿಗಳನ್ನು ತುಸು ಕೂಡಿಸಿ ಭಾಗಿಸಿ ನೋಡೋಣ. ತಿಂಗಳಿಗೆ ನಾಲ್ಕರಂತೆ ವರ್ಷಕ್ಕೆ ನಲವತ್ತೆಂಟು ಶಿಲ್ಲಿಂಗು. ಹದಿನೆಂಟರಿಂದ ಭಾಗಿಸಿದರೆ ಎರಡೂಮುಕ್ಕಾಲಿಗೆ ತುಸು ಕಡಿಮೆ. ಆರು ಶಿಲ್ಲಿಂಗಿನವನ ಎಪ್ಪತ್ತೆರಡನ್ನು ಇಪ್ಪತ್ತೇಳರಿಂದ ಭಾಗಿಸಿದರೂ ಬರುವುದು ಅದೇ. ಅಂದರೆ ಒಬ್ಬನ ಕೂಲಿಯಲ್ಲಿ ಮೂರು ಹೊಟ್ಟೆ ಪೂರ್ತಿ ತುಂಬುವಂತಿರಲಿಲ್ಲ. ಇಂಗ್ಲೆಂಡಿನ ಹೊಲದಾಳಿಗೆ ವಾರಕ್ಕೆ ಹತ್ತು ಶಿಲ್ಲಿಂಗು ಎಂದಿಟ್ಟುಕೊಂಡರೂ ಅವನು ನಮ್ಮವನ ಏಳರಿಂದ ಹನ್ನೊಂದು ಪಟ್ಟು ಶ್ರೀಮಂತ! ಆದರೆ 1812ರಲ್ಲಿ ಲಂಡನ್ನಿನಲ್ಲಿ ನಾಲ್ಕು ಪೌಂಡಿನ ಒಂದು ರೊಟ್ಟಿಗೆ ಶಿಲ್ಲಿಂಗಿಗಿಂತಲೂ ಹೆಚ್ಚು ಬೆಲೆಯಿತ್ತು. ವಾರದ ಕೂಲಿಗೆ ಹತ್ತು ರೊಟ್ಟಿ ಬಾರದು. ಹೆಂಡತಿ ಮಕ್ಕಳೊಡನೆ ಆ ವಾರ ಕಳೆಯಬೇಕಾದವನನ್ನು ಅಷ್ಟು ಪಟ್ಟು ಶ್ರೀಮಂತ ಎನ್ನಲು ನಾಲಿಗೆ ತಡೆಯುತ್ತದೆ.

ಪಾರ್ಲಿಮೆಂಟಿಗೆ ಈ ಲೆಕ್ಕ ಯಾಕೆ ಬೇಕಿತ್ತು? ಭಾರತದ ಬಡವನ ಮೇಲಿನ ಕರುಣೆಯಿಂದಲ್ಲ. ಇಂಗ್ಲೆಂಡಿನ ಉಣ್ಣೆಬಟ್ಟೆಯನ್ನು ಇವರು ಕೊಂಡಾರೇ ಎಂದು ತಿಳಿಯಬೇಕಿತ್ತು. ಸಂಭವ ಕಡಿಮೆ, ಅವರು ತಾವೇ ನೇಯ್ದುಕೊಳ್ಳುತ್ತಾರೆ ಎಂದ ಮನ್ರೋ. ತಾನೇ ಏಳು ವರ್ಷ ಹೊದ್ದ ಭಾರತದ ಶಾಲು ಹೆಚ್ಚೇನೂ ಸವೆದಿಲ್ಲ ಎಂಬ ಮಾತನ್ನೂ ಸೇರಿಸಿದ.

ಸೀಮೆ ಸೀಮೆಯ ಬೆಲೆ ಹೋಲಿಸುವುದಕ್ಕೆ ಇನ್ನೊಂದು ತೊಡಕು ಅಳತೆ. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಊರಿನಿಂದ ಊರಿಗೆ ಸೇರು ಬದಲಾಗುವುದನ್ನು ಮತ್ತೆ ಮತ್ತೆ ಬರೆದಿಟ್ಟಿದ್ದಾನೆ. ನಮ್ಮ ಕಡೆ ಗೇಣಿಯೂ ಸಂಬಳವೂ ಬಹುಕಾಲ ಮುಡಿ ಅಕ್ಕಿಯಲ್ಲೇ ನಡೆದವು. ಬೈಹುಲ್ಲಿನ ಮುಡಿಗೆ ವಿನಿಮಯ ದರದ ಗೊಡವೆಯಿಲ್ಲ. ಹಾಗಿರುವಾಗ ಅಕ್ಕಿಯ ನಾಡಿಗೆ ನಾಣ್ಯದ ಸರ್ಕಾರ ಬಂದರೆ ಏನಾಗುತ್ತದೆ?

ಕಾಣಿಯೂರಿನಿಂದ ಹೆಚ್ಚು ದೂರವಿಲ್ಲದ ಬೆಳ್ಳಾರೆಯಲ್ಲಿ ಇದರ ಉತ್ತರವಿದೆ. ಅಮರ ಸುಳ್ಯ, ಪಂಜ, ಬೆಳ್ಳಾರೆ ಸೀಮೆಗಳು ಘಟ್ಟದ ಕೆಳಗಿದ್ದರೂ ಕೊಡಗಿನ ರಾಜರ ಆಳ್ವಿಕೆಯಲ್ಲಿದ್ದವು. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತೆಗೆದುಕೊಂಡಾಗ ಇವು ಕೆನರಾ ಜಿಲ್ಲೆಗೆ ಸೇರಿದವು. ರೈತ ಮನೆ ಬಿಟ್ಟು ಕದಲಲಿಲ್ಲ, ಗದ್ದೆಯೂ ಕದಲಲಿಲ್ಲ. ಆದರೆ ದೇಶ ಬದಲಾಯಿತು. ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯದಲ್ಲಿ ಅಳೆದು ಕೊಟ್ಟರೆ ಆಗುತ್ತಿತ್ತು. ಕಂಪನಿ ತೀರ್ವೆಯನ್ನು ನಗದಾಗಿ ಕೇಳಿತು.

ಮೇಲ್ನೋಟಕ್ಕೆ ಇದೊಂದು ಕಚೇರಿಯ ಸುಧಾರಣೆ. ಕಾಡಿನ ನಡುವಿನ ಊರಿನಲ್ಲಿ ಅಕ್ಕಿ ಅಗ್ಗ ತಾನೇ, ಬದುಕು ಸುಲಭ ತಾನೇ ಎಂದು ಮಂಗಳೂರಿನ ಗುಮಾಸ್ತ ಅಂದುಕೊಂಡಿರಬಹುದು. ಆ ಅಗ್ಗವೇ ಇಲ್ಲಿ ಕುತ್ತಿಗೆಗೆ ಬಂತು. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಿ. ತೀರ್ವೆ ಹತ್ತು ರೂಪಾಯಿ, ಮುಡಿಗೆ ಬೆಲೆ ಎರಡು ರೂಪಾಯಿ ಆದರೆ ಐದು ಮುಡಿ ಮಾರಿದರೆ ಸಾಕು. ಬೆಲೆ ಒಂದು ರೂಪಾಯಿಗೆ ಇಳಿದರೆ ಹತ್ತು ಮುಡಿ ಮಾರಬೇಕು. ಕೊಂಡು ತಿನ್ನುವವನಿಗೆ ಅಗ್ಗವಾದದ್ದು ಬೆಳೆದು ಮಾರುವವನಿಗೆ ತೀರ್ವೆಯನ್ನು ಇಮ್ಮಡಿಗೊಳಿಸಿತು. ಅದೂ ಕೊಯ್ಲಿನ ಹೊತ್ತು, ಎಲ್ಲರೂ ಒಟ್ಟಿಗೆ ಮಾರುವಾಗ. ಪೇಟೆ ದೂರ, ದಾರಿ ಕಾಡು. ಸಾಲ ಕೊಡುವ ವ್ಯಾಪಾರಿಯ ಮನೆ ಬಾಗಿಲಿಗೆ ರೈತ ಹೋಗಲೇಬೇಕಾಯಿತು. ಆ ದಶಕಗಳಲ್ಲಿ ಮದ್ರಾಸ್ ಪ್ರಾಂತದ ಉದ್ದಕ್ಕೂ ಧಾನ್ಯದ ಬೆಲೆ ಕುಸಿದಿತ್ತು. ಜಿಲ್ಲೆಯ ಬೇರೆ ಕಡೆ 1830-31ರಲ್ಲೇ ರೈತರು ಕೂಟ ಕಟ್ಟಿ ಕಂದಾಯ ನಿರಾಕರಿಸಿದ್ದರು. ಉಪ್ಪು, ಹೊಗೆಸೊಪ್ಪುಗಳೋ ಕಂಪನಿಯ ಏಕಸ್ವಾಮ್ಯ. ರೈತ ಮಾರುವುದು ಅಗ್ಗ, ಅವನು ಕೊಳ್ಳಲೇಬೇಕಾದದ್ದು ತುಟ್ಟಿ!

1837ರ ಮಾರ್ಚ್ ಕೊನೆಯಲ್ಲಿ ದಂಗೆಯೆದ್ದವರು ಮೊದಲು ವಶಪಡಿಸಿಕೊಂಡದ್ದು ಬೆಳ್ಳಾರೆಯ ಖಜಾನೆಯನ್ನು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಊರಿನ ನಾಣ್ಯವೆಲ್ಲ ಹೋಗಿ ಸೇರುತ್ತಿದ್ದ ಜಾಗ ಅದು. ಕೆದಂಬಾಡಿ ರಾಮಯ್ಯ ಗೌಡರು ಮುಂದೆ ನಿಂತರು. ಶನಿವಾರಸಂತೆಯ ಪುಟ್ಟಬಸಪ್ಪ ಕಲ್ಯಾಣಸ್ವಾಮಿಯ ಹೆಸರು ಹೊತ್ತ. ಕಂದಾಯದ ರಿಯಾಯಿತಿ ಸಾರುತ್ತಾ ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ಸೇರಿ, ಸುಮಾರು ಎರಡು ವಾರ ಅದನ್ನು ಹಿಡಿದಿಟ್ಟುಕೊಂಡರು. ಕೊನೆಗೆ ಮುಖಂಡರಿಗೆ ಗಲ್ಲಾಯಿತು. ಜನ ಇದನ್ನು ಕಲ್ಯಾಣಪ್ಪನ ಕಾಟುಕಾಯಿ ಎಂದರು. ರಾಜಮನೆತನದ ಹಂಬಲವೂ ಬೇರೆ ಕಾರಣಗಳೂ ಇದ್ದವು, ಇಲ್ಲವೆನ್ನಲಾಗದು. ಆದರೆ ನಗದು ಕಂದಾಯದ ಬಿಸಿ ಇಲ್ಲದಿದ್ದರೆ ಗೌಡರ ಮನೆಗಳಿಂದ ಅಷ್ಟು ಜನ ಹೊರಡುತ್ತಿದ್ದರೇ ಎಂಬುದು ಅನುಮಾನ.

ದೇಶ ದೇಶಗಳ ಬೆಲೆಯನ್ನು ಶಾಸ್ತ್ರೀಯವಾಗಿ ಹೋಲಿಸುವ ಕೆಲಸ ಶುರುವಾದದ್ದು 1968ರಲ್ಲಿ, ವಿಶ್ವಸಂಸ್ಥೆ ಮತ್ತು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ. ಮೊದಲ ಹತ್ತು ದೇಶಗಳಲ್ಲಿ ಭಾರತವೂ ಇತ್ತು. ಅಕ್ಕಿ, ಬಟ್ಟೆ, ಬಾಡಿಗೆ, ಕ್ಷೌರ, ಔಷಧ, ಬಸ್ ಪ್ರಯಾಣ ಎಲ್ಲ ತುಂಬಿದ ಒಂದೇ ಬುಟ್ಟಿಗೆ ಪ್ರತಿ ದೇಶದಲ್ಲೂ ಎಷ್ಟು ಬೀಳುತ್ತದೆ ಎಂದು ನೋಡುತ್ತಾರೆ. 2017ರಲ್ಲಿ ಪೇಟೆಯಲ್ಲಿ ಡಾಲರಿಗೆ ಸುಮಾರು 65 ರೂಪಾಯಿ. ಬುಟ್ಟಿಯ ಲೆಕ್ಕದಲ್ಲಿ 20.65 ರೂಪಾಯಿ ಮಾತ್ರ. ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟು ವಸ್ತು, ಸೇವೆ ಇಲ್ಲಿ ಇಪ್ಪತ್ತೊಂದು ರೂಪಾಯಿಯೊಳಗೆ ಬರುತ್ತಿತ್ತು.

ಒಳ್ಳೆಯ ಲೆಕ್ಕ. ಆದರೆ ಅದು ಕೊಳ್ಳುವವನ ಲೆಕ್ಕ. ಇಲ್ಲಿ ಕ್ಷೌರ ಅಗ್ಗ ಎಂದರೆ ಕ್ಷೌರಿಕನ ಗಳಿಕೆಯೂ ಅಗ್ಗ ಎಂದೇ ಅರ್ಥ. ಅವನು ಫೋನು, ಡೀಸೆಲು, ಚಿನ್ನ ಕೊಳ್ಳಲು ಹೊರಟಾಗ ಇಪ್ಪತ್ತೊಂದು ರೂಪಾಯಿಯ ಡಾಲರು ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ. ಇಂದು ಕಾಣಿಯೂರಿನ ಸುತ್ತ ಗದ್ದೆಗಳಿದ್ದ ಎಷ್ಟೋ ಕಡೆ ಅಡಿಕೆ ತೋಟಗಳಿವೆ. ಅಕ್ಕಿ ಅಗ್ಗವಾದರೆ ಈಗ ತೋಟದವನಿಗೆ ಸಂತೋಷ. ಅವನು ಬೆಳಗ್ಗೆ ಪತ್ರಿಕೆ ತೆಗೆದರೆ ಮೊದಲು ಹುಡುಕುವುದು ಅಡಿಕೆಯ ಧಾರಣೆಯನ್ನು.