ಹುಲಿ-ಕುರಿ ಆಟ

ಹುಲಿ-ಕುರಿ ಆಟವು ನೆಲದ ಮೇಲೆ ಗೆರೆ ಎಳೆದು ಇಬ್ಬರು ಕುಳಿತು ಆಡುವ ಜನಪದ ಆಟ. ಇದಕ್ಕೆ ಆಡು-ಹುಲಿ ಆಟವೆಂಬ ಹೆಸರೂ ಉಂಟು. ತಮಿಳಿನಲ್ಲಿ ಇದನ್ನು ಆಡು ಪುಲಿ ಆಟ್ಟಂ ಎಂದೂ ತೆಲುಗಿನಲ್ಲಿ ಪುಲಿ-ಮೇಕ ಎಂದೂ ಕರೆಯುತ್ತಾರೆ. ಚದುರಂಗ, ಪಗಡೆ, ಚೌಕಾಬಾರಗಳಲ್ಲಿ ಎದುರಾಳಿಗಳ ಬಲ ಆರಂಭದಲ್ಲಿ ಸಮಾನವಾಗಿರುತ್ತದೆ. ಇಲ್ಲಿ ಹಾಗಲ್ಲ. ಒಬ್ಬನದು ಹುಲಿಯ ಪಾತ್ರ, ಇನ್ನೊಬ್ಬನದು ಕುರಿಯ ಪಾತ್ರ. ಸಂಖ್ಯೆ, ಶಕ್ತಿ, ಗುರಿ ಮೂರೂ ಬೇರೆ.

ಹಾಸು ಮತ್ತು ಕಾಯಿಗಳು

ಮೂರು ಹುಲಿ, ಹದಿನೈದು ಕುರಿಗಳ ಆಟವು ದಕ್ಷಿಣ ಭಾರತದಲ್ಲಿ ಹೆಚ್ಚು ಪರಿಚಿತವಾದುದು. ಇದರ ಹಾಸಿನಲ್ಲಿ ತುದಿಯ ಒಂದು ಬಿಂದುವಿನಿಂದ ನಾಲ್ಕು ಗೆರೆಗಳು ತಳದ ಗೆರೆಗೆ ಇಳಿಯುತ್ತವೆ. ಅವುಗಳನ್ನು ಮೂರು ಅಡ್ಡಗೆರೆಗಳು ಕತ್ತರಿಸಿ ಎರಡೂ ಬದಿಗೆ ಹೊರಚಾಚುತ್ತವೆ. ಚಾಚಿದ ತುದಿಗಳನ್ನು ಬದಿಗೊಂದರಂತೆ ನೆಟ್ಟಗೆರೆಯಿಂದ ಸೇರಿಸಲಾಗುತ್ತದೆ. ಗೆರೆಗಳು ಕೂಡುವ ತಾಣವೇ ಮನೆ. ತುದಿಯಲ್ಲಿ 1, ಅಡ್ಡಗೆರೆಗಳಲ್ಲಿ ತಲಾ 6, ತಳದಲ್ಲಿ 4, ಒಟ್ಟು 23 ಮನೆಗಳು. ಸೀಮೆಸುಣ್ಣ ಅಥವಾ ಇದ್ದಿಲಿನ ತುಂಡು, ಕುರಿಗಳಿಗೆ ಬೆಣಚುಕಲ್ಲು, ಹುಲಿಗಳಿಗೆ ಹುಣಸೆಬೀಜ, ಇಷ್ಟಿದ್ದರೆ ಸಾಕು.

ನಿಯಮಗಳು

ಹುಲಿಗಳು ಮೊದಲೇ ಹಾಸಿನ ಮೇಲಿರುತ್ತವೆ. ಕುರಿಯವನು ಸರದಿಗೆ ಒಂದರಂತೆ ಕುರಿಗಳನ್ನು ಇಡುತ್ತ ಹೋಗುತ್ತಾನೆ. ಹದಿನೈದೂ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ. ಹುಲಿ ಮಾತ್ರ ಆರಂಭದಿಂದಲೇ ಗೆರೆಯುದ್ದಕ್ಕೂ ಪಕ್ಕದ ಖಾಲಿ ಮನೆಗೆ ನಡೆಯಬಲ್ಲದು. ಪಕ್ಕದ ಮನೆಯಲ್ಲಿ ಕುರಿಯಿದ್ದು, ಅದೇ ಗೆರೆಯಲ್ಲಿ ಅದರಾಚೆಯ ಮನೆ ಖಾಲಿಯಿದ್ದರೆ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಎಲ್ಲ ಹುಲಿಗಳಿಗೂ ನಡೆ ಇಲ್ಲದಂತೆ ಕಟ್ಟಿಹಾಕಿದರೆ ಕುರಿಯವನು ಗೆದ್ದಂತೆ. ಎಷ್ಟು ಕುರಿ ತಿಂದರೆ ಹುಲಿಯ ಗೆಲುವು ಎಂಬುದು ಊರಿಂದೂರಿಗೆ ಬದಲಾಗುತ್ತದೆ; ಅದನ್ನು ಆಟಕ್ಕೆ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು, ಜಗಳಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ರಚನೆ

ಇಷ್ಟು ಸರಳ ನಿಯಮಗಳಿಂದ ಆಳವಾದ ಆಟ ಹೊಮ್ಮುವುದಕ್ಕೆ ಕಾರಣ ಖಾಲಿ ಮನೆಗಳ ಲೆಕ್ಕ. ಒಂದು ಕುರಿಯೂ ಸಾಯದೆ ಎಲ್ಲವನ್ನೂ ಇಟ್ಟರೆ ಉಳಿಯುವುದು 5 ಖಾಲಿ ಮನೆ. ಪ್ರತಿ ಕುರಿ ಸತ್ತಾಗಲೂ ಇನ್ನೊಂದು ಮನೆ ತೆರವಾಗಿ, ಹುಲಿಯನ್ನು ಕಟ್ಟುವುದು ಮತ್ತಷ್ಟು ಕಠಿಣವಾಗುತ್ತದೆ. ಒಂದರ ಬೆನ್ನಿಗೆ ಇನ್ನೊಂದು ನಿಂತ ಕುರಿಗಳ ಮೇಲೆ ಹುಲಿ ಆ ಗೆರೆಯಲ್ಲಿ ಹಾರಲಾರದು. ಕುರಿಯವನ ಇಡೀ ತಂತ್ರ ಇದರಲ್ಲಿಯೇ ಅಡಗಿದೆ. ನೇಪಾಳದ ಬಾಘ್‌ಚಾಲ್‌ನಲ್ಲಿ 25 ಮನೆ, 4 ಹುಲಿ, 20 ಆಡು. ಎಲ್ಲವೂ ಹಾಸಿನಲ್ಲಿದ್ದರೆ ಖಾಲಿ ಉಳಿಯುವುದು ಒಂದೇ. ನಿಯಮದ ತಿರುಳು ಅದೇ, ಅಂಕಿಗಳು ಬೇರೆ. ಎಳೆಯರೊಡನೆ ಆಡುವಾಗ ಒಂದೆರಡು ಕುರಿಗಳನ್ನು ಹೆಚ್ಚಿಸಿ ಅಥವಾ ಕಡಿಮೆ ಮಾಡಿ ಆಟದ ತೂಕವನ್ನು ಸರಿದೂಗಿಸಬಹುದು.

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಪಾತ್ರಾಭಿನಯದ ಮೇಜಿನಾಟಗಳು ಪ್ರಸಿದ್ಧವಾದವು. ಅವುಗಳಲ್ಲಿ ಕಥೆ ನಡೆಸುವ ಸೂತ್ರಧಾರನಿರುತ್ತಾನೆ, ದಾಳಗಳಿರುತ್ತವೆ. ಹುಲಿ-ಕುರಿ ಆಟವನ್ನು ಆ ವರ್ಗಕ್ಕೆ ಸೇರಿಸುವುದು ಅತಿಶಯವಾದೀತು. ಆದರೂ ಪಾತ್ರಕ್ಕೆ ತಕ್ಕ ಶಕ್ತಿ ಮತ್ತು ದೌರ್ಬಲ್ಯವನ್ನು ಕೊಟ್ಟು ಆಟ ಕಟ್ಟುವ ಬಗೆ ಎರಡರಲ್ಲಿಯೂ ಕಾಣುತ್ತದೆ.

ನೆಲೆ ಮತ್ತು ಉಳಿವು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕುರಿ ಸಾಕಣೆ ಮತ್ತು ಕಂಬಳಿಗೆ ಹೆಸರಾದವು. ಮಾರಮ್ಮನ ಜಾತ್ರೆಯಿಂದ ಪ್ರಸಿದ್ಧವಾದ ಗೌರಸಮುದ್ರದ ಸುತ್ತಿನಲ್ಲಿ ಕನ್ನಡ, ತೆಲುಗು ಎರಡೂ ಆಡುಮಾತುಗಳು. ಆಟದ ಎರಡೂ ಹೆಸರುಗಳು ಇಲ್ಲಿ ಅರ್ಥವಾಗುತ್ತವೆ. ಈ ಬಯಲಿನ ಮಂದೆಗಳಿಗೆ ನಿಜವಾದ ಭಯ ತೋಳದ್ದು, ಹುಲಿಯದಲ್ಲ ಎಂಬುದು ಬೇರೆ ಮಾತು.

ಹಂಪಿ, ಶ್ರವಣಬೆಳಗೊಳಗಳಲ್ಲಿ ಬಂಡೆ ಹಾಗೂ ನೆಲಹಾಸಿನ ಮೇಲೆ ಕೊರೆದ ಆಟದ ಹಾಸುಗಳನ್ನು ಕಾಣಬಹುದು. ಇವುಗಳ ಕಾಲವನ್ನು ನಿರ್ಣಯಿಸುವುದು ಕಷ್ಟ. ಗುಡಿ ಹಳೆಯದಾದರೂ ಗೆರೆಯನ್ನು ಅನಂತರ ಯಾರಾದರೂ ಕೊರೆದಿರಬಹುದು. ಹಳ್ಳಿಗಳ ಗುಡಿ, ಕಟ್ಟೆಗಳಿಗೆ ಗ್ರಾನೈಟ್, ಟೈಲ್ಸ್ ಹಾಕಿಸಿದಾಗ ಇಂಥ ಗೆರೆಗಳು ಯಾರ ಗಮನಕ್ಕೂ ಬಾರದೆ ಮುಚ್ಚಿಹೋಗುತ್ತವೆ. ಹಾಸಿನ ಚಿತ್ರವೊಂದನ್ನೇ ತೆಗೆದಿಟ್ಟರೆ ಸಾಲದು. ಕುರಿಗಳೆಷ್ಟು, ಎಷ್ಟು ಸತ್ತರೆ ಸೋಲು ಎಂಬುದನ್ನು ಕಲ್ಲು ಹೇಳುವುದಿಲ್ಲ. ಆ ಲೆಕ್ಕ ಆಡಿದ ಹಿರಿಯರ ನೆನಪಿನಲ್ಲಿ ಮಾತ್ರ ಇದೆ.