ಹೆಚ್ಚು ಓದಿಸಿಕೊಂಡವರು

ಹೆಚ್ಚು ಮಾರಾಟವಾದ ಕಾದಂಬರಿ ಒಳ್ಳೆಯ ಕಾದಂಬರಿಯಾಗಲಾರದು ಎಂಬ ಅಭಿಪ್ರಾಯ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಕಾಲೇಜಿನ ಪಠ್ಯದಲ್ಲಿರುವ ಲೇಖಕರೇ ಬೇರೆ, ಮನೆಯಲ್ಲಿ ತಾಯಂದಿರು ರಾತ್ರಿ ದೀಪ ಆರಿಸದೆ ಓದಿದ ಲೇಖಕರೇ ಬೇರೆ. ಈ ಎರಡನೆಯ ಗುಂಪಿನ ಕೆಲವರನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡುವ ಪ್ರಯತ್ನ ಮಾಡಿದ್ದೇನೆ.

ಕನ್ನಡಕ್ಕೆ ಓದುಗರನ್ನು ಹುಡುಕಿಕೊಂಡು ಹೋದವರು ಗಳಗನಾಥರು (1869–1942). ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದವರು ಅವರು. 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯ ಮೂಲಕವೂ ಕಥೆಗಳನ್ನು ಮನೆಮನೆಗೆ ತಲುಪಿಸಿದರು. ಮರಾಠಿಯ ಹರಿನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರ ಸ್ಥಾಪನೆಯ ಕಥೆಯಾದ 'ಮಾಧವ ಕರುಣಾವಿಲಾಸ'ವನ್ನು ಬರೆದರು. ವಸ್ತು ಇತಿಹಾಸ, ಉದ್ದೇಶ ನೀತಿಬೋಧೆ. ಇಂದು ಓದಿದರೆ ಉಪದೇಶ ಸ್ವಲ್ಪ ಹೆಚ್ಚೆನಿಸುತ್ತದೆ, ನಿಜ. ಆದರೆ ಪುಸ್ತಕ ಕೊಂಡು ಓದುವ ಅಭ್ಯಾಸವೇ ಇಲ್ಲದ ಕಾಲ ಅದು.

ಅ.ನ. ಕೃಷ್ಣರಾಯರ (1908–1971) ಕಾಲಕ್ಕೆ ಆ ಅಭ್ಯಾಸ ಬೆಳೆದಿತ್ತು. ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅವರನ್ನು ಜನ 'ಕಾದಂಬರಿ ಸಾರ್ವಭೌಮ' ಎಂದರು. ಬಾಡಿಗೆ ವಾಚನಾಲಯಗಳಲ್ಲಿ ಅವರ ಪುಸ್ತಕದ ಹಾಳೆಗಳು ಹರಿದು ಹೋಗುವಷ್ಟು ಕೈಯಿಂದ ಕೈಗೆ ದಾಟಿದವು. ಕಲಾವಿದನ ಬದುಕು ಅವರಿಗೆ ಬಹಳ ಪ್ರಿಯವಾದ ವಸ್ತು: 'ಸಂಧ್ಯಾರಾಗ'ದಲ್ಲಿ ಸಂಗೀತಗಾರ, 'ನಟಸಾರ್ವಭೌಮ'ದಲ್ಲಿ ರಂಗನಟ. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳಲ್ಲಿ ವೇಶ್ಯಾ ಸಮಸ್ಯೆಯನ್ನು ಎತ್ತಿಕೊಂಡಾಗ ಅಶ್ಲೀಲತೆಯ ಆರೋಪ ಬಂತು. ಅವರು ಸುಮ್ಮನಿರದೆ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ಅವಸರದ ಬರವಣಿಗೆ ಅವರ ದೊಡ್ಡ ದೋಷ. ಪಾತ್ರಗಳು ಮಾತನಾಡುವ ಬದಲು ಭಾಷಣ ಮಾಡುತ್ತವೆ. ಆದರೂ 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು.

ತ್ರಿವೇಣಿಯವರದು (1928–1963) ಇದಕ್ಕೆ ವಿರುದ್ಧವಾದ ದಾರಿ. ಬದುಕಿದ್ದು ಮೂವತ್ತೈದೇ ವರ್ಷ, ಬರೆದ ಕಾದಂಬರಿಗಳು ಸುಮಾರು ಇಪ್ಪತ್ತು. ಮನಶ್ಶಾಸ್ತ್ರ ಓದಿದ್ದ ಅವರು ಮಧ್ಯಮ ವರ್ಗದ ಮನೆಯೊಳಗಿನ ಹೆಣ್ಣಿನ ಮನಸ್ಸನ್ನು ಮತ್ತೆ ಮತ್ತೆ ನೋಡಿದರು. 'ಶರಪಂಜರ'ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ, ನೆರೆಯವರ ಸಂಶಯವೇ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುತ್ತದೆ. ಕೌಶಲದಲ್ಲಿ ನಾನು ಅನಕೃ ಅವರಿಗಿಂತ ಇವರನ್ನೇ ಮೇಲಿಡುತ್ತೇನೆ. ಹೇಳಬೇಕಾದ್ದನ್ನು ಪಾತ್ರದ ಬಾಯಿಗೆ ತುರುಕುವುದಿಲ್ಲ. 'ಬೆಳ್ಳಿಮೋಡ', 'ಶರಪಂಜರ' ಪುಟ್ಟಣ್ಣ ಕಣಗಾಲರ ಚಿತ್ರಗಳಾದ ಮೇಲಂತೂ ಓದು ಬಾರದವರಿಗೂ ಅವರ ಕಥೆಗಳು ತಲುಪಿದವು. 'ಹೆಂಗಸರ ಕಾದಂಬರಿ' ಎಂದು ಪಕ್ಕಕ್ಕೆ ಸರಿಸಿದ ವಿಮರ್ಶಕರು ಇದನ್ನು ಗಮನಿಸಬೇಕಿತ್ತು.

ನಮ್ಮ ಕರಾವಳಿಯ ಸಾರಾ ಅಬೂಬಕ್ಕರ್ (1936–2023) ಅವರನ್ನು ಬಿಟ್ಟರೆ ಈ ಮಾತು ಅಪೂರ್ಣ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಠದಿಂದ ಗಂಡನಿಂದ ಬೇರೆಯಾದ ನಾದಿರಾಳ ಕಥೆ ಅದು. ತಲಾಖಿನ ದುರುಪಯೋಗವನ್ನು ಹೀಗೆ ಬಹಿರಂಗವಾಗಿ ಬರೆಯಬಹುದೇ ಎಂದು ಆಕ್ಷೇಪಿಸಿದವರಿದ್ದರು. ಆ ಆಕ್ಷೇಪದ ನಡುವೆಯೇ ಅದು ಹಲವು ಭಾಷೆಗಳಿಗೆ ಹೋಯಿತು. ಅನಕೃ ಎದುರಿಸಿದ ಪ್ರಶ್ನೆಯೇ ಇದು. ಆದರೆ ಸ್ವಂತ ಸಮಾಜದೊಳಗೆ ನಿಂತು, ಹೆಣ್ಣಾಗಿ ಎದುರಿಸುವುದು ಇನ್ನೂ ಕಷ್ಟ. ಮುಂದೆ ಅವರು ತಮ್ಮದೇ 'ಚಂದ್ರಗಿರಿ ಪ್ರಕಾಶನ' ತೆರೆದು, ಗಳಗನಾಥರಂತೆ ತಮ್ಮ ಪುಸ್ತಕಗಳನ್ನು ತಾವೇ ಓದುಗರಿಗೆ ತಲುಪಿಸಿದರು.